ಬಿಗಿ

ಲೂಲಿಯೊದ ಮಾರ್ಚ್. ಗ್ಯಾರೇಜಿನೊಳಗೂ
ಉಸಿರು ಕಣ್ಣಿಗೆ ಕಾಣುತ್ತದೆ.
ಸ್ಟ್ಯಾಂಡಿನ ಮೇಲೆ ಅರವತ್ತಾರರ ವೋಲ್ವೊ,
ಮುಂದಿನ ಕಾಲೆರಡೂ ಬಿಚ್ಚಿಸಿಕೊಂಡು.

ಹೊಸ ರಬ್ಬರ್ ಬುಷ್, ಹೆಬ್ಬೆರಳಿನಷ್ಟು.
ಅದು ಕೂರಬೇಕಾದ ತೂತು
ಅದಕ್ಕಿಂತ ಒಂದು ಕೂದಲು ಚಿಕ್ಕದು.
ಜಪ್ಪಯ್ಯ ಅಂದರೂ ಹೋಗದು.
ಸುತ್ತಿಗೆಯಲ್ಲಿ ಹೊಡೆದೆ,
ಪುಟಿದು ಬಂದು ನನ್ನ ಕನ್ನಡಕಕ್ಕೇ ಬಡಿಯಿತು.

ಬಾಗಿಲಲ್ಲಿ ಗುನ್‌ಬ್ರಿಟ್.
ನಲವತ್ತು ವರ್ಷ ಬೂಟಿನ ಅಂಗಡಿಯಲ್ಲಿ ಮಂಡಿಯೂರಿ
ಊರಿನ ಪಾದಗಳನ್ನೆಲ್ಲ ಚರ್ಮದೊಳಗೆ ಇಳಿಸಿದವಳು.
"ಹೊಡೆದರೆ ಯಾರು ಒಳಗೆ ಬರುತ್ತಾರೆ?" ಅಂದು
ಆಲೂಗಡ್ಡೆ ಬೇಯಿಸುವ ಪಾತ್ರೆಯನ್ನೇ ಒಲೆಗಿಟ್ಟಳು.
ಎಣ್ಣೆ ಬೇಡ, ರಬ್ಬರನ್ನು ತಿನ್ನುತ್ತದೆ;
ಪಾತ್ರೆ ತೊಳೆಯುವ ಸೋಪು ಸಾಕು.

ವೈಸಿನ ದವಡೆಗಳ ನಡುವೆ
ಕಾಲು ಸುತ್ತು. ತಡಿ. ಇನ್ನು ಕಾಲು ಸುತ್ತು.
ಹೊಟ್ಟೆ ಉಬ್ಬಿಸಿತು, ಓರೆಯಾಯಿತು,
ಜಾರಿ ನೆಲಕ್ಕುರುಳಿತು. ಮತ್ತೆ ಬಿಸಿನೀರು.
ನಾಲ್ಕನೆಯ ಸಲ
ಪಳಕ್ಕನೆ ಒಳಗೆ,
ತಕರಾರೇ ಇರಲಿಲ್ಲವೆಂಬಂತೆ.

ಹುರುಪಿನಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿದೆ.
ಅವಳು ಕೈ ಹಿಡಿದಳು:
ಈಗಲೇ ಬಿಗಿಯಬೇಡ.
ಕೂತಾಗಿನ ಪಾದ ಬೇರೆ, ನಿಂತಾಗಿನದು ಬೇರೆ.

ಗಾಲಿ ಹಾಕಿ ಜ್ಯಾಕ್ ಇಳಿಸಿದೆವು.
ಸಾವಿರ ಚಿಲ್ಲರೆ ಕಿಲೋ
ಕಿರ್ರೆಂದು ತನ್ನ ಕಾಲ ಮೇಲೆ ತಾನೇ ಬಂತು.
ಅಂಗಾತ ತೆವಳಿ, ಆ ಭಾರದ ಅಡಿಯಲ್ಲಿ,
ಕೊನೆಯ ಸುತ್ತು ತಿರುಗಿಸಿದೆ.

ರಾತ್ರಿ ಆಲೂಗಡ್ಡೆಗೆ ಟೈರಿನ ವಾಸನೆ.
ಇಬ್ಬರೂ ಏನೂ ಅನ್ನದೆ
ಉಪ್ಪು ಇನ್ನಷ್ಟು ಉದುರಿಸಿಕೊಂಡೆವು.