ಶಿಲ್ಕು

ಮಿಶಿಗನ್ನಿನ ಉತ್ತರಕ್ಕೆ, ಕೋರ್ಟು ಕಟ್ಟಡದ ನೆಲಮಾಳಿಗೆ.
ಬಾಯ್ಲರಿನ ಪಕ್ಕದ ಮೇಜು ನನಗೆ.
ಗುಮಾಸ್ತ ಡೆಲ್ಮರ್ ಕೊಸ್ಕಿ ಬಿಳಿ ಗವಸು ಕೊಟ್ಟು ಕೇಳಿದ:
ಏನು ಹುಡುಕುತ್ತೀರಿ?
ಸುಸ್ಥಿರತೆ, ಅಂದೆ.
ಸೂಚಿಯಲ್ಲಿ ಬೆರಳಿಟ್ಟು ಇಳಿಯುತ್ತ ಹೋದ.
ಸಕ್ಕರೆ ಇದೆ. ಸಾಬೂನು ಇದೆ. ಸುತ್ತಿಗೆ ಇದೆ.
ನಿಮ್ಮದು ಇಲ್ಲವಲ್ಲ, ಡಾಕ್ಟರ್ ವಿಟ್‌ಬೆಕ್.

ಮರದ ಕಂಪನಿಯ ಹದಿನೆಂಟು ಖಾತೆಪುಸ್ತಕ.
ಬರೆದವನು ಆಸಾ ಪೆನ್ನಿಮನ್, ಮುತ್ತು ಪೋಣಿಸಿದಂಥ ಅಕ್ಷರ.
ಹಿಟ್ಟು: ಬಂದದ್ದು, ಹೋದದ್ದು, ಶಿಲ್ಕು.
ಮೊಳೆ: ಬಂದದ್ದು, ಹೋದದ್ದು, ಶಿಲ್ಕು.
ಗಾಲಿಯ ಅಚ್ಚಿಗೆ ಬಳಿಯುವ ಕೊಬ್ಬಿಗೂ ಶಿಲ್ಕು.
ಬಿಳಿ ಪೈನಿಗೆ ಮಾತ್ರ
ಹೋದದ್ದು
ಹೋದದ್ದು
ಹೋದದ್ದು.
ಕೊನೆಯ ಅಂಕಣಕ್ಕೆ ಅವನು ಗೀಟೇ ಎಳೆದಿಲ್ಲ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದಂತೆ.
ಇವರು ಕೂತವರಲ್ಲ.
ಮೊಣಕಾಲುದ್ದ ಹಿಮದಲ್ಲಿ ನಿಂತು, ಬೆರಳು ಕಳಕೊಂಡು
(ಬೆರಳಿಗೂ ಒಂದು ಸಾಲು: ಎರಡು ಡಾಲರು, ಪಾವತಿ)
ಕುಡಿಕೆಯನ್ನೇ ಕಡಿದವರು.
ಆ ಹಲಗೆಯಲ್ಲೇ ಊರುಗಳು ಎದ್ದವು,
ನಮ್ಮಜ್ಜಿ ಮಲಗಿದ ತೊಟ್ಟಿಲೂ.
ಬೈಯಲು ನನಗೆ ಬಾಯಿಲ್ಲ.

ಮೊದಲ ಪುಸ್ತಕಗಳದು ಚಿಂದಿಬಟ್ಟೆಯ ಕಾಗದ,
ಇವತ್ತಿಗೂ ಬೆಳ್ಳಗೆ, ಬಗ್ಗುತ್ತವೆ.
ಹದಿನಾಲ್ಕನೆಯದರಿಂದಾಚೆ ಮರದ ತಿರುಳು:
ಕಂದು, ಹಪ್ಪಳ, ಮುಟ್ಟಿದಲ್ಲಿ ಮುರಿಯುತ್ತದೆ.
ಕಾಡಿನ ಲೆಕ್ಕವನ್ನು ಕಾಡಿನ ಮೇಲೇ ಬರೆದರೆ
ಹೀಗೇ ಏನೋ.
ಸಂಜೆ ತೋಳು ಕೊಡವಿದರೆ ಹೊಟ್ಟು ಉದುರುತ್ತದೆ.

ಸಕ್ಕರೆ ನೋಡುವ ಯೋಚನೆ ಇರಲಿಲ್ಲ.
ಕೊಸ್ಕಿಯ ಮಾತು ಕಿವಿಯಲ್ಲಿ ಉಳಿದಿತ್ತು, ತೆಗೆದೆ.
ಏಪ್ರಿಲ್. ಇಂಡಿಯನ್ ಹೆಂಗಸು, ಮೇಪಲ್ ಸಕ್ಕರೆ, ನಲವತ್ತು ಪೌಂಡು.
ಮರುವರ್ಷ ಏಪ್ರಿಲ್, ನಲವತ್ತು.
ಚಳಿ ಮೇ ತನಕ ಎಳೆದ ವರ್ಷ, ಮೂವತ್ತೆಂಟು.
ಮತ್ತೆ ನಲವತ್ತು. ನಲವತ್ತು.
ಹೆಸರಿಲ್ಲ.
ಪೆನ್ನಿಮನ್ ಕೇಳಲಿಲ್ಲ, ಅಥವಾ ಕೇಳಿದರೂ
ಅವನ ಮುತ್ತಿನಕ್ಷರಕ್ಕೆ ಅದು ದಕ್ಕಲಿಲ್ಲ.
ಒಮ್ಮೆ ಮಾತ್ರ, ಅಂಚಿನಲ್ಲಿ, ಬೇರೆ ಶಾಯಿ:
ಇನ್ನೂ ಇಪ್ಪತ್ತು ಕೇಳಿದೆ. ಮರಕ್ಕೂ ಬೇಕು ಅಂದಳು.

ನಾನು ಆ ಸಾಲನ್ನು ನಕಲು ಮಾಡಿಕೊಂಡೆ,
ಆಮೇಲೆ ಇನ್ನೊಮ್ಮೆ ಮಾಡಿಕೊಂಡೆ.

ಹದಿನಾರನೆಯ ಪುಸ್ತಕ.
ಮೇಪಲ್, ಹೊಳೆಯ ಆಚೆ ದಂಡೆ, ಪೂರ್ತಿ:
ಹೋದದ್ದು.
ಆ ಏಪ್ರಿಲಿನಲ್ಲಿ ಸಕ್ಕರೆ ಬಂತು ಡೆಟ್ರಾಯಿಟಿನಿಂದ, ಪೀಪಾಯಿಯಲ್ಲಿ.
ಆಗ ಅದಕ್ಕೂ ಒಂದು ಶಿಲ್ಕು.

ಕೊಸ್ಕಿ ದೀಪ ಆರಿಸುತ್ತ ಬಂದ.
ಸಿಕ್ಕಿತಾ?
ಸಕ್ಕರೆಯ ಕೆಳಗಿದೆ, ಅಂದೆ.
ಅವನು ನನ್ನನ್ನು ನೋಡಿ, ಗಡಿಯಾರ ನೋಡಿ,
ನಾಲ್ಕೂವರೆಗೆ ಬೀಗ, ಅಂದ.

ಹೊರಗೆ, ಕಾರು ನಿಲ್ಲಿಸುವ ಜಾಗದಲ್ಲಿ
ಒಂದೇ ಒಂದು ಮೇಪಲ್, ಮೈಮೇಲೆ ನಗರಸಭೆಯ ತಗಡು,
ಸಂಖ್ಯೆ ಹನ್ನೊಂದು.
ಬಾಕಿ ಹತ್ತು ಎಲ್ಲಿವೆಯೋ.
ಮಾರ್ಚ್ ತಿಂಗಳು. ತಗಡು ಹೊಡೆದ ಮೊಳೆಯ ಸುತ್ತ ಒದ್ದೆ.
ಮುಟ್ಟಿದ ಮೇಲೆ ನೋಡುತ್ತೇನೆ, ಕೈಯಲ್ಲಿ ಇನ್ನೂ ಕೊಸ್ಕಿಯ ಗವಸು,
ಎರಡು ಬೆರಳು ಅಂಟು.
ನಾಳೆ ಏನು ಹೇಳಲಿ ಅವನಿಗೆ?