ಎರಡು ಬಕೆಟ್ಟು

ಮೊದಲು ನೆರಳಿಗೆ ತಾ, ಅಂದ ತುಲ್ಲಿಯೊ.
ಬಾನೆಟ್ಟಿನ ಮೇಲೆ ಅಂಗೈಯಿಟ್ಟ, ಮಗುವಿನ ಜ್ವರ ನೋಡುವ ಹಾಗೆ.
ಇನ್ನೂ ಬಿಸಿ. ಕಾಯೋಣ.

ಮೊದೆನಾದ ಆಗಸ್ಟು. ಕಾದೆವು, ಕಲ್ಲಂಗಡಿ ತಿಂದೆವು.

ಒಂದು ಬಕೆಟ್ಟು ನೊರೆಗೆ, ಇನ್ನೊಂದು ಕೊಳೆಗೆ.
ಬೆರೆಸಿದೆಯೋ, ಮರಳು ಬಣ್ಣದ ಮೇಲೆ ಬರೆಯುತ್ತೆ;
ಅಳಿಸೋಕೆ ನಿನ್ನ ಮೂರು ತಿಂಗಳ ಸಂಬಳ.

ನೀರು ಮೊದಲು, ಕೈ ಆಮೇಲೆ.
ಮೇಲಿಂದ ಕೆಳಗೆ, ನೇರ ಗೆರೆ.
ಸುತ್ತಿ ಸುತ್ತಿ ಉಜ್ಜಬೇಡ, ಪಾತ್ರೆಯಲ್ಲ ಇದು.
ನೆಲಕ್ಕೆ ಬಿದ್ದ ಕೈಗವಸು ಸತ್ತಂತೆ, ಎತ್ತಬೇಡ.

ಬೆಲ್ಟಿನ ಬಕಲು ಪಕ್ಕಕ್ಕೆ ತಿರುಗಿಸಿದ.
ಉಂಗುರ ಮಾತ್ರ ಬರಲಿಲ್ಲ, ಬೆರಳು ಊದಿತ್ತು.
ನೊರೆ ಸವರಿ ಎಳೆದ, ಎಳೆದ.
ನಲವತ್ತು ವರ್ಷದ ಮೇಲೆ
ಬುಳುಕ್.

ಯಾವ ಬಕೆಟ್ಟಿಗೆ?
ಇಬ್ಬರೂ ತೋಳು ಮುಳುಗಿಸಿ ತಡಕುತ್ತಿದ್ದೆವು.
ನೆರಳು ಸರಿದು ಹೋಗಿತ್ತು.
ಹಳದಿ ಕಾರಿನ ಮೇಲೆ ಒಂದೊಂದೇ
ನೀರಿನ ಕಲೆ ಕೂರುತ್ತಿತ್ತು.