ಚಕ್ಕುಬಂದಿ

ವಾರಂಟಿ ಪುಸ್ತಕದ ನಲವತ್ತೊಂದನೇ ಪುಟ
ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ.
ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ, ಹೊಂಗೆ ನೆರಳಲ್ಲಿ
ಇಪ್ಪತ್ತಾರು ವರ್ಷ ಪತ್ರ ಬರೆದವಳು ನಾನು,
ಸಣ್ಣಕ್ಷರಕ್ಕೆ ಹೆದರುವ ಪೈಕಿ ಅಲ್ಲ.

ನೀನು ಮುಟ್ಟಬೇಡ ಅಂತ ಅದರಲ್ಲಿ ಎಲ್ಲಿಯೂ ಇಲ್ಲ.
ಇರುವುದು ಇಷ್ಟೇ: ಇಂಥ ದರ್ಜೆಯ ಆಯಿಲ್,
ಇಷ್ಟು ಕಿಲೋಮೀಟರಿಗೆ,
ಕೇಳಿದಾಗ ರುಜುವಾತು.
ಮುಟ್ಟಬೇಡಿ ಅಂದವನು ಬಿ.ಎಂ. ರೋಡಿನ ಶೋರೂಮಿನ ಹುಡುಗ,
ಬೀಗದ ಕೈ ಜೊತೆ ಚಾಕೊಲೇಟ್ ಕೊಡುತ್ತಾ.

ಜಮೀನು ಮಾರಿದರೆ
ನಿಧಿ ನಿಕ್ಷೇಪ ಜಲ ತರು ಪಾಷಾಣ ಸಮೇತ ಬರೆದುಕೊಡುತ್ತೇವೆ,
ಕೊಂಡವನು ಮಾರನೇ ದಿನವೇ ಬಾವಿ ತೋಡಲಿ.
ಕಾರು ಹಾಗಲ್ಲ. ಪೂರ್ತಿ ದುಡ್ಡು ಎಣಿಸಿದ ಮೇಲೂ
ಬಾನೆಟ್ಟಿನ ಕೆಳಗಿನ ನಿಕ್ಷೇಪಕ್ಕೆ
ಯಾರೋ ಇನ್ನೂ ಯಜಮಾನ.

ಭಾನುವಾರ, ಪೆನ್ಷನ್ ಮೊಹಲ್ಲಾದ ನಮ್ಮ ಗಲ್ಲಿ
ಹಾಲಿನ ಪ್ಯಾಕೆಟ್ ಕತ್ತರಿಸುವ ಹೊತ್ತಿಗೆ
ನೈಟಿಯ ಮೇಲೆ ಅಣ್ಣನ ಹಳೇ ಅಂಗಿ ತೊಟ್ಟು
ಕಾರಿನಡಿ ತೂರಿಕೊಂಡೆ.
ಗೌಸ್ ಪೀರ್ ಸಾಬರು ಗ್ಯಾರೇಜು ಮುಚ್ಚಿದ ದಿನ
ಒಂದು ಜೊತೆ ಸ್ಟ್ಯಾಂಡು, ಒಂದು ಟಾರ್ಕ್ ರೆಂಚು,
ಮೇಲೊಂದು ಮಾತು ಕೊಟ್ಟಿದ್ದರು:
ಬರೀ ಜಾಕ್ ನಂಬಿ ಕೆಳಗೆ ಹೋಗ್ಬೇಡಮ್ಮಾ,
ನಿನಗೆ ಯಾವ ಕಂಪನೀನೂ ವಾರಂಟಿ ಕೊಡಲ್ಲ.

ಬೋಲ್ಟು ಬಿಚ್ಚಿದರೆ
ಹತ್ತು ಸಾವಿರ ಕಿಲೋಮೀಟರು ಕಪ್ಪಗೆ, ಬೆಚ್ಚಗೆ ಹರಿದು ಬಂತು:
ಬೇಲೂರಿನ ಕೋರ್ಟು, ಸಕಲೇಶಪುರದ ನಾದಿನಿ ಮನೆ,
ರಾತ್ರಿ ಎರಡಕ್ಕೆ ಅರಸೀಕೆರೆ ಸ್ಟೇಷನ್ನು,
ಗಂಡಸಿ ಹತ್ತಿರ ಸುಮ್ಮನೆ ನಿಲ್ಲಿಸಿ
ಅತ್ತು ಮುಗಿಸಿದ ಒಂದು ಸಂಜೆ,
ಎಲ್ಲ ಒಂದೇ ಬೋಗುಣಿಗೆ.

ಹೊಸ ವಾಷರ್ ಹಾಕಿ ತಿರುಗಿಸಿದೆ.
ರೆಂಚು ಕಟ್ ಅಂತು, ನಿಲ್ಲಿಸಿದೆ.
ಸಾಕು ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ
ನನಗೆ ಯಾರೂ ಹೇಳಿದ್ದಿಲ್ಲ.

ಆಮೇಲೆ ಕೈ ಒರೆಸಿ ಬರೆದೆ, ಅದು ನನ್ನ ಕಸುಬು.
ದಿನಾಂಕ. ಓಡಿದ ದೂರ. ಆಯಿಲ್ ಡಬ್ಬಿಯ ನಂಬರು.
ಫಿಲ್ಟರ್ ಕಂಪನಿಯದೇ, ಬಿಲ್ ಲಗತ್ತಿಸಿದೆ.
ಹಳೇ ವಾಷರ್ ಲಕೋಟೆಯಲ್ಲಿ.
ಹಳೇ ಎಣ್ಣೆ ಕ್ಯಾನಿನಲ್ಲಿ, ಚರಂಡಿಗೆ ಅಲ್ಲ.
ಕೈಯ ಅಭ್ಯಾಸ, ಚಕ್ಕುಬಂದಿಯನ್ನೂ ಹಾಕಿಬಿಟ್ಟೆ:
ಪೂರ್ವಕ್ಕೆ ಬ್ಯಾಟರಿ, ಪಶ್ಚಿಮಕ್ಕೆ ಕೂಲೆಂಟ್ ಡಬ್ಬಿ,
ದಕ್ಷಿಣಕ್ಕೆ ರೇಡಿಯೇಟರ್,
ಉತ್ತರಕ್ಕೆ ನಾನು ಮುಟ್ಟದೆ ಬಿಟ್ಟ, ಸೀಲು ಹಾಕಿದ ಕಪ್ಪು ಪೆಟ್ಟಿಗೆ.
ಈ ಮಧ್ಯೆ ಇರುವುದು ನನ್ನ ಸ್ವಾಧೀನ.
ಸಾಕ್ಷಿ: ಎದುರುಮನೆ ಮೇಘಮಾಲಾ, ಎಂಟನೇ ಕ್ಲಾಸು,
ಅಪ್ರಾಪ್ತ ವಯಸ್ಕಳು, ಟಾರ್ಚು ಹಿಡಿದವಳು.

ಮೂವತ್ತೊಂದು ಸಾವಿರಕ್ಕೆ ಎ.ಸಿ. ಕಂಪ್ರೆಸರ್ ಕೈಕೊಟ್ಟಿತು.
ಅದೇ ಹುಡುಗ. ಎದೆಯ ಮೇಲೆ ರೋಶನ್ ಲೋಬೋ ಅಂತ ಹೆಸರು.
ಸರ್ವಿಸ್ ನಮ್ಮಲ್ಲಿ ಆಗಿಲ್ಲ ಮೇಡಂ, ವಾರಂಟಿ ನಿಲ್ಲಲ್ಲ, ಅಂದ.
ಆಯಿಲ್ಲಿಗೂ ಎ.ಸಿ.ಗೂ ಯಾವ ದಿಕ್ಕಲ್ಲಪ್ಪ ಗಡಿ, ತೋರಿಸು, ಅಂದೆ.
ನೋಟ್‌ಬುಕ್ಕು ಇಟ್ಟೆ.
ಲಕೋಟೆಯಿಂದ ಮೂರು ತಾಮ್ರದ ವಾಷರ್ ಉರುಳಿ
ಮೇಜಿನ ಗಾಜಿನ ಮೇಲೆ ಸುತ್ತು ಹಾಕಿ ಬಿದ್ದವು.

ಅವನು ಓದಿದ. ಮ್ಯಾನೇಜರನ್ನು ಕರೆದ.
ಅವರೂ ಓದಿದರು, ನಿಂತೇ.
ಚಕ್ಕುಬಂದಿ ಬಂದಾಗ ಒಬ್ಬರು ನಕ್ಕರು, ಯಾರೆಂದು ನೋಡಲಿಲ್ಲ.
ಮೇಲಿನವರಿಗೆ ಬರೆದು ಕೇಳ್ತೀವಿ, ಒಂದು ವಾರ ಕೊಡಿ, ಅಂದರು.

ಗೇಟಿನ ತನಕ ಬಂದ ಲೋಬೋ ದನಿ ತಗ್ಗಿಸಿ ಕೇಳಿದ:
ನಮ್ಮ ತಂದೆಯವರದ್ದು ಒಂದು ಭಾಗಪತ್ರ ಆಗ್ಬೇಕಿತ್ತು ಮೇಡಂ,
ನೀವೇ ಬರೀತೀರಾ?

ಬರೀತೀನಿ. ಯಾರದೋ ಆಸ್ತಿ, ಯಾರದೋ ಹೆಬ್ಬೆಟ್ಟು,
ಎಲ್ಲದರ ತಳದಲ್ಲೂ ಒಂದು ಮೂಲೆ ನನಗೆ:
ಬಿಕ್ಕಲಂ, ಎಚ್.ಎಸ್. ಇಂದುಮುಖಿ.
ಈ ನೋಟ್‌ಬುಕ್ಕಿನಲ್ಲಿ ಮಾತ್ರ
ಮೇಲಿನ ಹೆಸರೂ ನನ್ನದೇ.

ವಾರ ಆಗಿಲ್ಲ ಇನ್ನೂ.
ನಾಲ್ಕೂ ಕಿಟಕಿ ಇಳಿಸಿ ಓಡಿಸುತ್ತಿದ್ದೇನೆ.
ಸಾಲಗಾಮೆ ರೋಡಿನಲ್ಲಿ ಈಗ ತಾನೆ
ಯಾರೋ ಕಾಫಿಬೀಜ ಹುರಿಯುತ್ತಿದ್ದರು.